ಬೀರುವಿನ ಬಾಗಿಲು ತೆಗೆದಿತ್ತು

೨೦೨೩ನೇ ಇಸವಿ ನವೆಂಬರ್ ೭, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷ. ಬೀರುವಿನ ಬಾಗಿಲು ತೆಗೆದು, ಒಳಗೆ ಕೊಕ್ಕೆಗೆ ನೇತುಹಾಕಿದ್ದ ಗಿಟಾರಿನ ಒಡಲನ್ನು ಬಿಚ್ಚದೆಯೇ, ಅವನು ಟಾರ್ಚು ಬಿಟ್ಟು ನೋಡಿದ. ಮುಂಭಾಗ ಚೆನ್ನಾಗಿತ್ತು. ಇಪ್ಪತ್ತಮೂರು ಕೈ ಬಳಿದ ಕಪ್ಪು. ಬೆಳಕು ಅದರ ಮೇಲೆ ಬಿದ್ದು ಜಾರದೆ ಒಳಕ್ಕಿಳಿದು ಎಲ್ಲೋ ತಳದಲ್ಲಿ ಹೋಗಿ ಕೂರುವಂತಿತ್ತು. ಅಷ್ಟಕ್ಕೇ ಬಾಗಿಲು ಮುಚ್ಚಿ ಕಾಫಿಗೆ ಹೋಗಬಹುದಿತ್ತು. ಆದರೆ ಕೈ ತಾನಾಗಿ ಟಾರ್ಚನ್ನು ಕೆಳಗಿನ ಕೊಂಬಿನ ಸಂದಿಗೆ, ನುಡಿಸುವವರ ಬೆರಳು ಕೊನೆಯ ಸ್ವರದ ಮನೆಗಳನ್ನು ಮುಟ್ಟಲೆಂದು ಮರವನ್ನು ಒಳಕ್ಕೆ ಕೊರೆದು ಬಾಗಿಸಿದ ಜಾಗಕ್ಕೆ, ತಿರುಗಿಸಿತು. ಅಲ್ಲಿ ಎರಡು ಬೆರಳಗಲ ಕಪ್ಪು ಸುಕ್ಕುಗಟ್ಟಿತ್ತು. ಕಾಯಿಸಿದ ಹಾಲಿನ ಕೆನೆಯನ್ನು ಚಮಚದಿಂದ ಒಂದು ಬದಿಗೆ ತಳ್ಳಿದರೆ ಆಗುತ್ತದಲ್ಲ, ಹಾಗೆ. ಅವನು ಟಾರ್ಚು ಆರಿಸಿದ. ಮತ್ತೆ ಹಾಕಿದ. ಆರಿಸಿ ಹಾಕಿದರೆ ಬೇರೆ ಏನೋ ಕಂಡೀತು ಎಂದುಕೊಳ್ಳುವಷ್ಟು ದಡ್ಡನಲ್ಲ. ಹದಿನಾಲ್ಕು ವರ್ಷ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ, ಒಂದೇ ಅಳತೆಯನ್ನು ಮೂರು ಸಲ ತೆಗೆದುಕೊಳ್ಳಿ ಎಂದು ಹುಡುಗರ ತಲೆ ತಿಂದವನು. ಮೂರನೇ ಸಲವೂ ಸುಕ್ಕು ಸುಕ್ಕಾಗಿಯೇ ಇತ್ತು.

ಯಾಕೆ ಆಯಿತು ಎಂದು ಅವನು ಯೋಚಿಸಬೇಕಾಗಿರಲಿಲ್ಲ, ಅದೇ ಕಷ್ಟ. ಇದು ಪೇಂಟಲ್ಲ. ಜಪಾನಿನ ಒಂದು ಜಾತಿಯ ಮರಕ್ಕೆ ಗೀರು ಹಾಕಿ ಹನಿಹನಿಯಾಗಿ ಇಳಿಸಿಕೊಂಡ ಹಾಲು, ಉರುಷಿ ಎನ್ನುತ್ತಾರೆ. ಅಲ್ಲಿನವರು ಬಟ್ಟಲಿಗೂ ಪೆಟ್ಟಿಗೆಗೂ ಸಾವಿರಾರು ವರ್ಷದಿಂದ ಬಳಿಯುತ್ತ ಬಂದದ್ದನ್ನು ಅವನು ನಾಲ್ಕು ವರ್ಷದಿಂದ ಎಲೆಕ್ಟ್ರಿಕ್ ಗಿಟಾರಿಗೆ ಬಳಿಯಲು ಹೆಣಗುತ್ತಿದ್ದಾನೆ. ಬಟ್ಟಲಿಗೆ ಕೊಂಬಿರುವುದಿಲ್ಲ, ವೈರು ಹೋಗುವ ಗುಂಡಿಗಳಿರುವುದಿಲ್ಲ. ಗಿಟಾರಿನ ಸಂದಿಯಲ್ಲಿ ಕುಂಚ ಎಷ್ಟೇ ಎಳೆದರೂ ಕೂದಲೆಳೆಯಷ್ಟು ಹೆಚ್ಚು ನಿಂತುಬಿಡುತ್ತದೆ. ಮತ್ತೆ ಈ ಹಾಲು ಒಣ ಗಾಳಿಯಲ್ಲಿ ವಾರಗಟ್ಟಲೆ ಇಟ್ಟರೂ ಜಿಗುಟಾಗಿಯೇ ಇರುತ್ತದೆ. ಗಾಳಿಯ ತೇವ ಸಿಕ್ಕರೇ ಗಟ್ಟಿಯಾಗುವುದು. ಅದಕ್ಕೆಂದೇ ಬಟ್ಟೆ ಇಡುವ ಹಳೆಯ ಬೀರುವಿನ ಒಳಗೋಡೆಗಳಿಗೆ ಒದ್ದೆ ಬಟ್ಟೆ ಕಟ್ಟಿ, ಒಳಗೊಂದು ಮೀಟರು ಇಟ್ಟು, ತೇವ ನೂರಕ್ಕೆ ಎಪ್ಪತ್ತೈದರ ಸುತ್ತ ನಿಲ್ಲುವಂತೆ ನೋಡಿಕೊಳ್ಳುತ್ತಿದ್ದ. ಅತಿಯಾದರೆ ಮೇಲಿನ ಪೊರೆ ಅವಸರದಲ್ಲಿ ಬಿಗಿದು ಕೆಳಗಿನದನ್ನು ಹಸಿಯಾಗಿಯೇ ಮುಚ್ಚಿಹಾಕುತ್ತದೆ. ದಪ್ಪ ನಿಂತಲ್ಲಿ ಸುಕ್ಕು. ಇದನ್ನು ಅವನು ಓದಿದ್ದ, ಹಲಗೆಯ ತುಂಡುಗಳ ಮೇಲೆ ಬೇಕೆಂದೇ ಮಾಡಿ ನೋಡಿದ್ದ, ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದು ಬರೆದಿದ್ದ. ಎಲ್ಲಾ ಗೊತ್ತಿದ್ದೂ ನಿನ್ನೆ ಸಂಜೆ ಏಳು ಗಂಟೆಗೆ ಕುದಿಯುವ ಕೆಟಲನ್ನು ತಂದು ಬೀರುವಿನ ತಳದ ಟ್ರೇಗೆ ಸುರಿದು, ಬಟ್ಟೆಗಳನ್ನು ಹಿಂಡದೆ ಎರಡೆರಡು ಪದರ ಕಟ್ಟಿ, ಬಾಗಿಲ ಸಂದಿಗೆ ಟೇಪು ಹಚ್ಚಿ ಹೋಗಿ ಮಲಗಿದ. ಬೆಳಿಗ್ಗೆ ಹನ್ನೊಂದು ಗಂಟೆಗೆ ಇದನ್ನು ಮಾಡಿಸುತ್ತಿರುವ ಗಿಟಾರಿನವಳು ನೋಡಲು ಬರುತ್ತಾಳೆ, ಅಷ್ಟರಲ್ಲಿ ಕಿಟಕಿಯ ಬೆಳಕಿಗೆ ತಂದರೆ ಧೂಳು ಹಿಡಿಯದಷ್ಟಾದರೂ ಗಟ್ಟಿಯಾಗಿರಲಿ ಎಂದು. ಒಂದು ಫೋನು ಮಾಡಿ, ಮುಂದಿನ ವಾರ ಬನ್ನಿ ಅಂದಿದ್ದರೆ ಆಗುತ್ತಿತ್ತು. ಅವಳೇನೂ ಬೇಡ ಅನ್ನುತ್ತಿರಲಿಲ್ಲ.

"ಏನು ಪ್ರೊಫೆಸರ್, ನಿಂತೇ ಇದೀಯ?" ಅಣ್ಣ ಹಿಂದಿನಿಂದ ಬಂದ. ಅಂಗಿಯ ತೋಳಿನ ತುಂಬ ಮರದ ಹುಡಿ. ಗಿಟಾರಿನ ಮರ ಕೊರೆದು ಕೂಡಿಸುವುದೆಲ್ಲ ಅಣ್ಣನ ಕೈ, ಕಾರ್ಖಾನೆಯೂ ಅವನದೇ. ಉಳಿದ ಗಿಟಾರುಗಳಿಗೆಲ್ಲ ಅವನೇ ಸ್ಪ್ರೇ ಗನ್ನು ಹಿಡಿದು ಪ್ಲಾಸ್ಟಿಕ್ಕಿನಂಥ ಹೊಳಪು ಹೊಡೆಯುತ್ತಾನೆ. ನಂದು ಮಧ್ಯಾಹ್ನಕ್ಕೆ ರೆಡಿ, ನಿಂದು ಮೊಮ್ಮಕ್ಕಳ ಕಾಲಕ್ಕೆ ಎಂದು ಬಂದವರಿಗೆಲ್ಲ ಹೇಳಿ ನಗುತ್ತಾನೆ. ಆದರೆ ಬೀರುವನ್ನು ತಂದುಕೊಟ್ಟವನೂ ಅವನೇ. ಟಾರ್ಚು ಕಸಿದುಕೊಂಡು ಬಗ್ಗಿ ನೋಡಿದ. ಆಮೇಲೆ, "ಓದಿದೋರಿಗೆ ಕೊಂಬಿರುತ್ತೆ ಅಂತಾರೆ. ನಿಂದು ಕೊಂಬೇ ಸುಕ್ಕಾಗಿದೆಯಲ್ಲೋ" ಎಂದ. ತಮಾಷೆಯ ಮಾತೇ, ಆದರೆ ದನಿಯಲ್ಲಿ ನಗು ಇರಲಿಲ್ಲ. "ಎಷ್ಟು ಕೆರೀಬೇಕು?"

"ಕೊನೇ ಮೂರು ಕೈ ಹೋಗುತ್ತೆ. ಸುಕ್ಕು ತಳದವರೆಗೆ ಗಟ್ಟಿಯಾಗೋವರೆಗೂ ಕೆರೆಯೋ ಹಾಗೂ ಇಲ್ಲ. ಒಂದೂವರೆ ತಿಂಗಳು."

"ಒಂದೂವರೆ ತಿಂಗಳು! ಅವಳಿಗೆ ಇಪ್ಪತ್ತೈದಕ್ಕೆ ಅಂದಿದ್ವಲ್ಲೋ? ಹೇಗಾಯ್ತು ಇದು?"

ಅವನಿಗೆ ಬಾಯಿ ತೆರೆದದ್ದು ನೆನಪಿದೆ. ಏನು ಹೇಳಲು ತೆರೆದನೋ ಅದು ನೆನಪಿಲ್ಲ. ಹೊರಗೆ ಬಂದ ಮಾತು ಇಷ್ಟು: "ಬೀರುವಿನ ಬಾಗಿಲು ತೆಗೆದಿತ್ತು. ನಾನು ಪರೀಕ್ಷೆಗೆ ಹೋಗಿದ್ದಾಗ. ಎರಡು ದಿನ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬಾಗಿಲು ತೆಗೆದಿತ್ತು. ಎರಡು ದಿನ ತೆಗೆದಿತ್ತು. ತೆಗೆದವರು ಯಾರು ಎಂದು ಅವನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವನಿಲ್ಲದಾಗ ಆ ಕೋಣೆಗೆ ಬರುವವರು ಅತ್ತಿಗೆ ಒಬ್ಬರೇ. ಅಣ್ಣನ ಕಿವಿಯ ತುದಿ ಕೆಂಪಾಗುವುದನ್ನು ಅವನು ನೋಡಿದ. ಪ್ರಯೋಗಾಲಯದಲ್ಲಿ ಬಣ್ಣ ತಿರುಗುವ ಆ ಒಂದು ಹನಿಗೆ ಕಾಯುತ್ತ ಕೂರುತ್ತಿದ್ದನಲ್ಲ, ಅಂಥದೇ ಗಮನದಿಂದ ನೋಡಿದ. ಹನಿ ಬಿದ್ದ ಮೇಲೆ ವಾಪಸು ಬರುವುದಿಲ್ಲ.

"ಎಷ್ಟು ಸಲ ಹೇಳಿದೀನಿ ಇವಳಿಗೆ!" ಅಣ್ಣ ಟಾರ್ಚನ್ನು ಬೆಂಚಿನ ಮೇಲೆ ಕುಕ್ಕಿದ. "ಸಾಕು. ಇನ್ಮೇಲೆ ಅವಳು ಈ ಕಡೆ ಕಾಲಿಡೋದೇ ಬೇಡ. ವೈರಿಂಗ್ ಹೊರಗಡೆ ಮಾಡಿಸ್ತೀನಿ. ಮನೇಲಿರಲಿ."

"ಅಷ್ಟೆಲ್ಲ ಯಾಕೆ..." ಎಂದ ಅವನು.

"ನೀನು ಸುಮ್ನಿರು. ನಿಂಗೆ ಅತ್ತಿಗೆ ಅಂತ ಸಂಕೋಚ. ನಂಗೇನು ಸಂಕೋಚ?"

ಅವನು ಸುಮ್ಮನಿದ್ದ. ಹಾಗೆ ಸುಮ್ಮನಿದ್ದದ್ದು ಅಣ್ಣನಿಗೆ ಒಳ್ಳೆಯತನದಂತೆ ಕಂಡಿತು ಎನ್ನುವುದು ಅವನಿಗೆ ಗೊತ್ತಾಯಿತು. ಈಗ ಹೇಳಬೇಕು ಅಂದುಕೊಂಡ. ಅಣ್ಣ ಹೊರಗೆ ಹೋಗಿ ಗರಗಸದ ಸ್ವಿಚ್ಚು ಹಾಕಿದ. ಆ ಸದ್ದಿನಲ್ಲಿ ಹೇಳಿದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಸದ್ದು ನಿಲ್ಲಲಿ ಅಂದುಕೊಂಡ. ಬಳಿದದ್ದನ್ನು ಉಜ್ಜಿ ನಯ ಮಾಡಲು ನೀರಿನಲ್ಲಿ ಅದ್ದಿಟ್ಟ ಇದ್ದಿಲ ತುಂಡನ್ನು ಕೈಗೆತ್ತಿಕೊಂಡು, ಉಜ್ಜಲು ಏನೂ ಇಲ್ಲದೆ, ಹಾಗೇ ಹಿಡಿದುಕೊಂಡು ನಿಂತ.

ತಪ್ಪು ಅತ್ತಿಗೆಯದು ಅಲ್ಲವೇ ಅಲ್ಲ ಎನ್ನುವಂತಿಲ್ಲವಲ್ಲ ಎಂದು ಒಂದು ಮನಸ್ಸು. ಭಾನುವಾರ ಸಂಜೆ, ಕೆಲಸ ಬಿಟ್ಟ ಮೇಲೂ ಪರೀಕ್ಷಕನಾಗಿ ಕರೆಯುತ್ತಿದ್ದ ಒಂದು ಕಾಲೇಜಿನ ಪ್ರಾಯೋಗಿಕ ಪರೀಕ್ಷೆ ಮುಗಿಸಿ ಬಂದಾಗ ಬೀರುವಿನ ಎರಡೂ ಬಾಗಿಲು ಹಾರು ಹೊಡೆದಿದ್ದವು, ಬಟ್ಟೆಗಳು ಹಿಂದಿನ ತಂತಿಯ ಮೇಲೆ ಒಣಗಿದ್ದವು, ಸ್ಟೂಲಿನ ಮೇಲೆ ಟೇಬಲ್ ಫ್ಯಾನು ಗಿಟಾರಿನ ಮುಖಕ್ಕೇ ತಿರುಗಿ ಓಡುತ್ತಿತ್ತು. ಗುರುವಾರ ಬಳಿದ ಕಪ್ಪು ಇನ್ನೂ ಬೆರಳಿಗೆ ಅಂಟುತ್ತಿತ್ತು. ಅವನು ಚಪ್ಪಲಿ ಬಿಡದೆ ಅಡುಗೆಮನೆಯ ಬಾಗಿಲವರೆಗೂ ಹೋಗಿ ಕೂಗಿದ್ದ: "ಒದ್ದೆ ಇದ್ರೇನೇ ಅತ್ತಿಗೆ, ಅದು ಒಣಗೋದು!"

ಅತ್ತಿಗೆ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ಅವನ ಮುಖ ನೋಡಿದರು. ಆಮೇಲೆ ನಗು ತಡೆಯಲಾಗದೆ ಹೋಯಿತು. "ಒದ್ದೆ ಇದ್ರೆ ಒಣಗುತ್ತಾ? ಕಾಲೇಜಲ್ಲಿ ಇದನ್ನೇ ಹೇಳಿಕೊಡ್ತಿದ್ದೆಯಾ ಮಹರಾಯ? ಹುಡುಗರು ಪಾಸಾಗ್ತಿದ್ರಾ?"

ಅವನು ವಾಪಸು ಬಂದು ಫ್ಯಾನು ಆರಿಸಿದ. ಒಣಗುವುದು ಎಂಬ ಮಾತನ್ನು ಈ ಮನೆಗೆ ತಂದವನು ಅವನೇ. ಗಟ್ಟಿಯಾಗುತ್ತಿದೆ ಅನ್ನಬೇಕಿತ್ತು. ಅದು ನೀರು ಬಿಟ್ಟುಕೊಟ್ಟು ಆಗುವ ಕೆಲಸವಲ್ಲ, ತೆಗೆದುಕೊಂಡು ಆಗುವ ಕೆಲಸ ಎಂದು ಕೂತು ಎರಡು ಮಾತು ಹೇಳಬೇಕಿತ್ತು. ಕಾಲೇಜಿನಲ್ಲಿ ಹುಡುಗರು ಕರಗಿತು ಅನ್ನಬೇಕಾದಲ್ಲಿ ಬೆರೆಯಿತು ಅಂದರೆ ಬರೆದದ್ದನ್ನು ಹರಿದು ಕೈಗೆ ಕೊಡುತ್ತಿದ್ದವನು, ಇಲ್ಲಿ ನಾಲ್ಕು ವರ್ಷ, ಒಣಗೋಕಿಟ್ಟಿದೀನಿ ಮುಟ್ಟಬೇಡಿ, ಒಣಗ್ತಾ ಇದೆ ಮುಟ್ಟಬೇಡಿ, ಎಂದುಕೊಂಡೇ ಕಾಲ ಹಾಕಿದ್ದ. ಇವರಿಗೆ ಇಷ್ಟು ಸಾಕು ಎಂದು. ಆ 'ಇವರಿಗೆ' ಎನ್ನುವುದನ್ನು ಅವನು ಇವತ್ತಿನವರೆಗೆ ನಿಲ್ಲಿಸಿ ಕೇಳಿಸಿಕೊಂಡಿರಲಿಲ್ಲ. ಅತ್ತಿಗೆ ಮಾಡಿದ್ದರಲ್ಲಿ ಎಳ್ಳಷ್ಟೂ ಅವಿವೇಕವಿರಲಿಲ್ಲ. ಮೈದುನ ಒಣಗೋಕಿಟ್ಟಿದ್ದಾನೆ, ಯಾರೋ ಸುತ್ತ ಒದ್ದೆ ಬಟ್ಟೆ ಕಟ್ಟಿದ್ದಾರೆ, ಎರಡು ದಿನದಿಂದ ಬಿಸಿಲೇ ಇಲ್ಲ. ಬಟ್ಟೆ ಬಿಚ್ಚಿದರು, ಫ್ಯಾನಿಟ್ಟರು. ಅದೂ ಮುಟ್ಟದೆ, ಅವನು ಹೇಳಿದ್ದನ್ನು ಅಕ್ಷರಶಃ ಪಾಲಿಸಿ, ಗಿಟಾರಿಗೆ ಬೆರಳು ಸೋಕಿಸದೆ.

ಬೆರಳು ಸೋಕಿಸುವುದು ಅವರಿಗೆ ಆಗದ ಮಾತೂ ಹೌದು. ಗಟ್ಟಿಯಾಗುವ ಮುಂಚೆ ಉರುಷಿ ಚರ್ಮಕ್ಕೆ ಆಗದು. ಮೊದಲ ವರ್ಷ ಅವನ ಮುಖವೇ ಒಂದು ವಾರ ಬನ್ನಿನಂತೆ ಊದಿತ್ತು, ಆಮೇಲೆ ಮೈ ಹೊಂದಿಕೊಂಡಿತು. ಅತ್ತಿಗೆಯದು ಹೊಂದಿಕೊಳ್ಳಲೇ ಇಲ್ಲ. ಅವನು ಒರೆಸಿ ಬಿಸಾಕಿದ ಬಟ್ಟೆ ಎತ್ತಿಟ್ಟರೂ ಸಾಕು, ಮೊಣಕೈವರೆಗೆ ಕೆಂಪು ದದ್ದು. "ಉರುಷಿ ಅಲ್ಲ ಕಣಪ್ಪ ಇದು, ಉರಿಸಿ" ಎನ್ನುತ್ತಿದ್ದರು. ಆಮೇಲೆ ಮನೆಯಲ್ಲೆಲ್ಲ ಅದಕ್ಕೆ ಅದೇ ಹೆಸರಾಯಿತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಅವನೇ. ಏನು ಮುಟ್ಟಿದ್ರಿ ಎಂದು ಡಾಕ್ಟರು ಕೇಳಿದಾಗ ಅವನು ಹೇಳುವುದಕ್ಕೆ ಮುಂಚೆ ಅತ್ತಿಗೆ, "ಪಾತ್ರೆ ತೊಳೆಯೋ ಪುಡಿ ಇರಬೇಕು ಡಾಕ್ಟ್ರೆ" ಎಂದುಬಿಟ್ಟರು. ಹೊರಗೆ ಬಂದ ಮೇಲೆ ಅವನು ಕೇಳಿದ್ದಕ್ಕೆ, "ನಿಮ್ಮಣ್ಣನ ಕಿವಿಗೆ ಬಿದ್ರೆ ನಿನ್ನ ಬೀರು ನಾಳೆ ಗುಜರಿಗೆ ಹೋಗುತ್ತೆ. ಮುಲಾಮು ಹಚ್ಚಿದ್ರೆ ಆಯ್ತು ಬಿಡು" ಎಂದರು. ಮುಲಾಮನ್ನು ಅವನು ಒಂದು ಸಲ ತಂದುಕೊಟ್ಟ. ಎರಡನೇ ಸಲ ಮರೆತ. ಮೂರನೇ ಸಲದಿಂದ ಅವರೇ ತಂದುಕೊಂಡರು.

ಒಂಬತ್ತೂವರೆಗೆ ಅತ್ತಿಗೆ ಬಂದರು. ಕಿಟಕಿಯ ಪಕ್ಕದ ಮೇಜು ಅವರದು: ಬೆಸುಗೆಯ ಕಡ್ಡಿ, ದುಂಡನೆ ಭೂತಗನ್ನಡಿ, ಬಿಸ್ಕತ್ತಿನ ಡಬ್ಬಿಯಲ್ಲಿ ಬಣ್ಣಬಣ್ಣದ ವೈರಿನ ತುಂಡು. ಹನ್ನೊಂದು ವರ್ಷದಿಂದ ಈ ಕಾರ್ಖಾನೆಯ ಪ್ರತಿ ಗಿಟಾರಿನ ಹೊಟ್ಟೆಯನ್ನು ಅವರೇ ತುಂಬಿಸಿದ್ದು. ಅವರು ಕೂಡಿಸಿದ ಗಿಟಾರು ಗುಂಯ್ ಅನ್ನುವುದಿಲ್ಲ ಎಂದು ನುಡಿಸುವವರೇ ಹೇಳುತ್ತಾರೆ. ಬ್ಯಾಗು ಇಟ್ಟು ಕೂರುವಷ್ಟರಲ್ಲಿ ಅಣ್ಣ ಗರಗಸ ನಿಲ್ಲಿಸಿ ಬಂದ. ಅವನು ಗೋಡೆಯ ಕಡೆ ಮುಖ ಮಾಡಿ ಕುಂಚ ತೊಳೆಯುತ್ತಿದ್ದ. ನಿನ್ನೆಯೇ ತೊಳೆದಿಟ್ಟಿದ್ದ ಕುಂಚ.

"ನೀನು ಆ ಬೀರು ತೆಗೆದೆಯಾ?" ಅಣ್ಣ ಹೆಂಡತಿಯನ್ನು ಕೇಳಿದ.

"ಹೂಂ, ತೆಗೆದೆ. ಭಾನುವಾರವೇ ಹೇಳಿದ್ನಲ್ಲ ಇವನಿಗೆ. ಅದಕ್ಕೆ ಏನೀಗ?"

"ಏನೀಗ ಅಂತೆ! ಹೋಗಿ ನೋಡು. ಮೂರು ತಿಂಗಳ ಕೆಲಸ ಸುಕ್ಕಾಗಿ ಕೂತಿದೆ."

ಅತ್ತಿಗೆ ಎದ್ದು ಹೋಗಿ ನೋಡಿದರು. ವಾಪಸು ಬರುವಾಗ ಅವನ ಬೆನ್ನ ಹಿಂದೆ ಒಂದು ಗಳಿಗೆ ನಿಂತರು. "ನಾನು ಫ್ಯಾನಿಟ್ಟಿದ್ದಕ್ಕೇ ಹೀಗಾಯ್ತೇನಪ್ಪ?" ಎಂದು ಮೆತ್ತಗೆ ಕೇಳಿದರು. ಸಿಟ್ಟಿನ ಪ್ರಶ್ನೆಯಲ್ಲ, ತಿಳಿದುಕೊಳ್ಳುವ ಪ್ರಶ್ನೆ. ನಲ್ಲಿಯ ನೀರು ಸುರಿಯುತ್ತಿತ್ತು. ಅವನು, "ಬಿಡಿ ಅತ್ತಿಗೆ, ಆಗಿದ್ದು ಆಯ್ತು" ಎಂದ. ಇಂಥ ಉದಾರ ಮಾತು ತನ್ನ ಬಾಯಿಂದ ಇಷ್ಟು ಸಲೀಸಾಗಿ ಬಂದೀತೆಂದು ಅವನೇ ಎಣಿಸಿರಲಿಲ್ಲ. ಬೇಡ, ಈಗ ಹೇಳಿದರೆ, ಬೆಳಿಗ್ಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಬೆಳಿಗ್ಗೆಗಿಂತ ಒಂದು ಗಂಟೆ ಹತ್ತು ನಿಮಿಷದಷ್ಟು ಕಷ್ಟ ಜಾಸ್ತಿಯಾಗಿತ್ತು. ಹನ್ನೊಂದಕ್ಕೆ ಇನ್ನಷ್ಟು ಜಾಸ್ತಿಯಾಗುತ್ತದೆ. ಈ ಲೆಕ್ಕವೆಲ್ಲ ಅವನಿಗೆ ಸರಾಗವಾಗಿ ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಗಿಟಾರಿನವಳು ಬಂದಳು. ಎಡಗೈಯಲ್ಲಿ ನುಡಿಸುವವಳಾದ್ದರಿಂದ ಮನೆಯಲ್ಲಿ ಎಲ್ಲರೂ ಅವಳನ್ನು ಎಡಗೈ ಎಂದೇ ಕರೆಯುವುದು. ಕೆಳಗೆ ಕೆಂಪು, ಮೇಲೆ ಕಪ್ಪು ಬಳಿಯಿರಿ, ತನ್ನ ಮುಂಗೈ ಉಜ್ಜಿ ಉಜ್ಜಿ ವರ್ಷಗಳ ಮೇಲೆ ಕೆಂಪು ತಾನಾಗಿ ಕಾಣಲಿ ಎಂದು ಕೇಳಿದವಳು. ಅಂಥದನ್ನು ಕೇಳಿದ ಒಬ್ಬಳೇ ಗಿರಾಕಿ. ಹೆಲ್ಮೆಟ್ಟು ತೆಗೆಯುತ್ತ ನೇರ ಬೀರುವಿನ ಹತ್ತಿರ ಹೋದವಳು ಮುಂಭಾಗ ನೋಡಿ, "ಅಬ್ಬಾ" ಎಂದಳು. ಆಮೇಲೆ ಅಣ್ಣ ಟಾರ್ಚು ಬಿಟ್ಟು ಸಂದಿ ತೋರಿಸಿದ. ಅವಳು ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಗ್ಗಿ ನೋಡಿದಳು.

"ನಮ್ಮಿಂದ ತಪ್ಪಾಗಿದೆ, ಮುಚ್ಚಿಡಲ್ಲ," ಅಣ್ಣ ಎಂದ. "ಇವನು ಊರಲ್ಲಿರಲಿಲ್ಲ. ನಮ್ಮ ಮನೆಯವಳು ಗೊತ್ತಾಗದೆ ಬಾಗಿಲು ತೆಗೆದು ಫ್ಯಾನಿಟ್ಟುಬಿಟ್ಟಳು. ಇನ್ನು ಹಾಗಾಗಲ್ಲ. ಇವತ್ತಿನಿಂದ ಅವಳನ್ನ ಇಲ್ಲಿಗೆ ಸೇರಿಸಲ್ಲ."

ಹೊರಗಿನವಳ ಎದುರಿಗೆ. ಅತ್ತಿಗೆ ತಲೆ ಎತ್ತಲಿಲ್ಲ. ಬೆಸುಗೆಯ ಕಡ್ಡಿಯ ಪ್ಲಗ್ಗು ಎಳೆದರು. ಕಡ್ಡಿ ಆರಲೆಂದು ಕಾಯುತ್ತ, ಮೇಜಿನ ಮೇಲಿದ್ದ ವೈರಿನ ತುಂಡುಗಳನ್ನು ಬಣ್ಣ ನೋಡಿ ಬೇರೆ ಮಾಡಿ ಡಬ್ಬಿಗೆ ಹಾಕತೊಡಗಿದರು: ಕೆಂಪು, ಬಿಳಿ, ಕೆಂಪು. ಭೂತಗನ್ನಡಿಯನ್ನು ಸೆರಗಿನಲ್ಲಿ ಒರೆಸಿದರು. ತೋಳಿನ ಮೇಲೆ ಹಳೆಯ ದದ್ದಿನ ಕಲೆಗಳು ಕಿಟಕಿಯ ಬೆಳಕಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಅದು ಅಳುವವರ ರೀತಿಯಲ್ಲ, ಕೆಲಸ ಮುಗಿಸಿ ಹೊರಡುವವರ ರೀತಿ.

"ನನ್ನ ಗಿಟಾರಿಗೆ ವೈರಿಂಗ್ ಅಕ್ಕನೇ ಮಾಡಬೇಕು ಅಂದಿದ್ದೆನಲ್ಲ," ಎಡಗೈ ಅಣ್ಣನಿಗೆ ಹೇಳಿ, ಅವನ ಕಡೆ ತಿರುಗಿದಳು. "ಸರ್, ಒಂದು ಅರ್ಥ ಆಗ್ಲಿಲ್ಲ. ಫ್ಯಾನಿಟ್ರೆ ಸುಕ್ಕು ಬರುತ್ತಾ ಇದಕ್ಕೆ?"

"ಬರ... ಸಾಮಾನ್ಯವಾಗಿ..." ಅವನು ಟೇಪಿನ ತುಂಡೊಂದನ್ನು ಬಾಗಿಲಿನಿಂದ ಉಗುರಿನಲ್ಲಿ ಕೀಳುತ್ತಿದ್ದ. ಅದು ಬರುತ್ತಿರಲಿಲ್ಲ. ಮೂರು ಜನರೂ ಅವನ ಉಗುರನ್ನೇ ನೋಡುತ್ತಿದ್ದಂತಿತ್ತು. ಬೇರೆ ಬೇರೆ ಕಾರಣಗಳಿರಬಹುದು ಎಂಬ ವಾಕ್ಯ ಪೂರ್ತಿಯಾಗಿ, ಕರ್ತೃ ಕರ್ಮ ಕ್ರಿಯಾಪದ ಸಮೇತ, ನಾಲಿಗೆಯ ಮೇಲೆ ಬಂದು ನಿಂತಿತು. ಡಬ್ಬಿಯ ಮುಚ್ಚಳ ಹಾಕಿದ ಸದ್ದು ಕೇಳಿಸಿತು.

"ಬರಲ್ಲ," ಎಂದ.

"ಏನು ಬರಲ್ಲ?" ಅಣ್ಣ.

"ಫ್ಯಾನಿಟ್ರೆ ಸುಕ್ಕು ಬರಲ್ಲ. ಗಟ್ಟಿಯಾಗೋದು ನಿಲ್ಲುತ್ತೆ, ಅಷ್ಟೆ. ಮತ್ತೆ ತೇವ ಕೊಟ್ರೆ ಮುಂದುವರಿಯುತ್ತೆ. ಎರಡು ದಿನ ತಡ ಆಗ್ತಿತ್ತು. ಬೇರೇನೂ ಆಗ್ತಿರಲಿಲ್ಲ."

"ಮತ್ತೆ ಇದು?"

"ಇದು ನಾನು. ನಿನ್ನೆ ಸಂಜೆ ತೇವ ಜಾಸ್ತಿ ಮಾಡಿದೆ. ಬೇಗ ಆಗ್ಲಿ ಅಂತ. ಅತ್ತಿಗೆ ತಪ್ಪಿಲ್ಲ."

ಅಣ್ಣ ಅವನನ್ನು ನೋಡಿದ ರೀತಿಯನ್ನು ಅವನು ಇದಕ್ಕೆ ಮುಂಚೆ ಕಂಡಿರಲಿಲ್ಲ. ಹಲಗೆ ನೇರವಾಗಿದೆಯೋ ಇಲ್ಲವೋ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಾನಲ್ಲ, ಎರಡೂ ಕಣ್ಣು ತೆರೆದು ಹಾಗೆ ನೋಡಿದ. "ಬೆಳಿಗ್ಗೆ ಬಾಗಿಲು ಅಂದೆ."

"ಬಾಗಿಲು ತೆಗೆದಿತ್ತು."

"ಥೂ," ಎಂದ ಅಣ್ಣ, ಅಷ್ಟೆ. ಹೆಂಡತಿಯ ಕಡೆ ತಿರುಗಿದ, ತೋಳಿನ ಮೇಲಿನ ಹುಡಿ ಕೊಡವಿಕೊಂಡ. ಎಡಗೈ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿ ಮಾಡುತ್ತ ಸಡಿಲ ಮಾಡುತ್ತ ನಿಂತಳು.

ಅತ್ತಿಗೆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಕ್ಷಮೆಯ ಕಳೆಯಂತೂ ಮೊದಲೇ ಇರಲಿಲ್ಲ. "ಜಾಸ್ತಿ ಅಂದ್ರೆ ಎಷ್ಟು?" ಎಂದರು.

"ಸ್ವಲ್ಪ ಜಾಸ್ತಿ."

"ಸ್ವಲ್ಪ ಅನ್ನೋದು ಅಡುಗೆಮನೆ ಮಾತು. ನಾನು ಸ್ವಲ್ಪ ಅಂದ್ರೆ ನೀನು ಬಿಡ್ತಿದ್ದೆಯಾ? ಓದಿದೋನಲ್ಲವಾ, ಸರಿಯಾಗಿ ಹೇಳು. ಎಷ್ಟಿತ್ತು?"

ಕೋಣೆಯಲ್ಲಿ ಯಾವ ಯಂತ್ರವೂ ಓಡುತ್ತಿರಲಿಲ್ಲ. ನೋಟ್‌ಬುಕ್ಕು ಅಂಗಿಯ ಜೇಬಿನಲ್ಲೇ ಇತ್ತು. ಮೀಟರು ತೋರಿಸಿದ್ದನ್ನು ದಿನಾ ಬರೆಯುವ ಸಾಲಿನಲ್ಲಿ ಬೆಳಿಗ್ಗೆ ಅವನು ಏನನ್ನೂ ಬರೆದಿರಲಿಲ್ಲ. ಅಂಕಿ ನೋಡದೆಯೇ ಗೊತ್ತಿತ್ತು.

"ಇಪ್ಪತ್ತೇಳು ಡಿಗ್ರಿ," ಎಂದ ಅವನು. "ತೇವ, ನೂರಕ್ಕೆ ತೊಂಬತ್ನಾಲ್ಕು."